ಹೂ ಕೊಡಲು ಹೋದವಳು ಕೆಲಸ ಕೇಳಿದ್ದು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾರು ಯಾವ ಬ್ಯಾಚಿನವರು, ಯಾವ ಮಾತು ಕಾಲೇಜಿನ ವರಾಂಡದಲ್ಲಿ ಆಡಿದ್ದು, ಯಾವುದು ಬಸ್‌ಸ್ಟ್ಯಾಂಡಿನಲ್ಲಿ ಎನ್ನುವುದನ್ನು ನಾನು ಬೆರೆಸಿಬಿಡುತ್ತೇನೆ. ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಸಿಟ್ಟು ಬಂದ ದಿನ ಎರಡು ಪುಟ ತುಂಬಿಸಿದ್ದೇನೆ, ಒಳ್ಳೆಯದಾದ ದಿನ ‘ಕೆಲಸ ಆಯಿತು’ ಎಂದು ಒಂದು ಸಾಲಿಗೆ ಮುಗಿಸಿದ್ದೇನೆ. ಹೇಗೆ ಆಯಿತು ಎನ್ನುವುದೇ ಅಲ್ಲಿಲ್ಲ.

ಕುಂದಾಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕೊನೆಯ ಕೆಲವು ವರ್ಷ ಪಾಠದ ಜೊತೆಗೆ ಇಂಟರ್ನ್‌ಶಿಪ್ಪಿನ ಜವಾಬ್ದಾರಿಯೂ ನನ್ನ ಮೇಲೆ ಬಿತ್ತು. ಪದವಿ ಮುಗಿಯುವ ಮೊದಲು ಮಕ್ಕಳು ಯಾವುದಾದರೂ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಕೆಲವು ವಾರ ಕೆಲಸ ಕಲಿತು ಬರಬೇಕು. ಆ ಜಾಗ ಹುಡುಕಲು ಅವರಿಗೆ ನೆರವಾಗುವುದು ನನ್ನ ಕೆಲಸ. ಈಗ ನನ್ನ ಕುರ್ಚಿಗೆ ಬಂದಿರುವ ಮೇಡಮ್ ಒಮ್ಮೆ ಫೋನ್ ಮಾಡಿ, “ನೀವು ಹೇಗೆ ಮಾಡುತ್ತಿದ್ದಿರಿ?” ಎಂದು ಕೇಳಿದರು. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಪ್ರಿನ್ಸಿಪಾಲರು ಕಾಗದವನ್ನು ನಂಬುವವರು. ಲೆಟರ್‌ಹೆಡ್ಡಿನಲ್ಲಿ ಒಂದೇ ಒಕ್ಕಣೆಯ ಪತ್ರ ಬರೆಸಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಇರುವ ಎಲ್ಲ ಘಟಕಗಳಿಗೂ ಕಳಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. “ಇನ್ನೊಂದು ಕಳಿಸಿ ಮೇಡಮ್, ಈ ಸಲ ಸೀಲು ಸ್ವಲ್ಪ ಎದ್ದು ಕಾಣುವ ಹಾಗೆ ಒತ್ತಿ” ಎನ್ನುತ್ತಿದ್ದರು. ಅವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಂದು ದಿನ ನಾನೇ ಬ್ರಹ್ಮಾವರದ ಒಂದು ಅಕ್ಕಿ ಗಿರಣಿಗೆ ಹೋದೆ. ಮಾಲೀಕರ ಮೇಜಿನ ಮೇಲೆ ನಮ್ಮ ಪತ್ರ ಇತ್ತು. ಅದರ ಮೇಲೆ ಕುಚ್ಚಲಕ್ಕಿಯ ಮಾದರಿ ಹರಡಿತ್ತು. ಅವರು ಬೆರಳಿನಿಂದ ನುಚ್ಚು ಬೇರೆ ಮಾಡುತ್ತಾ, “ನಿಮ್ ಕಾಗ್ದ ಒಳ್ಳೆ ದಪ್ಪ ಇತ್ತ್ ಕಾಣಿ ಮೇಡಮ್ಮಾ, ಅಕ್ಕಿ ಕಾಂಬುಕೆ ಲಾಯ್ಕ್ ಆತ್ತ್” ಎಂದರು. ಗೇಲಿ ಮಾಡಿದ್ದಲ್ಲ, ಅಕ್ಕಿ ನೋಡಲು ದಪ್ಪ ಕಾಗದ ಸಿಕ್ಕಿತೆಂಬ ನಿಜವಾದ ಮೆಚ್ಚುಗೆ. ಆಮೇಲೆ ಹೇಳಿದರು: “ಮಕ್ಳೇ ಬಂದ್ ಕೇಣ್ಲಿ. ಮುಖ ಕಾಣ್ದೆ ಒಳ್ಗೆ ಸೇರ್ಸ್ಕಂಬುದ್ ಹ್ಯಾಂಗೆ?”

ನಾನು ಪತ್ರ ಬಿಟ್ಟು ಮಕ್ಕಳನ್ನೇ ಕಳಿಸಲು ತೊಡಗಿದ್ದು ಆಗಿನಿಂದ.

ಮಕ್ಕಳನ್ನು ಕಳಿಸಿದರೆ ಮಕ್ಕಳೇ ಹೋಗುತ್ತಾರೆ ಎಂದುಕೊಂಡದ್ದು ನನ್ನ ತಪ್ಪು ಎಣಿಕೆ. ಅದೇ ಗಿರಣಿಗೆ ಹೊರಟ ಒಬ್ಬ ಹುಡುಗ ಜೊತೆಗೆ ಸೋದರಮಾವನನ್ನು ಕರೆದುಕೊಂಡು ಹೋದ. ಕೇಳಿದ ಪ್ರಶ್ನೆಗೆಲ್ಲ ಮಾವನೇ ಉತ್ತರ ಕೊಟ್ಟರು. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದ. ಕೊನೆಗೆ ಮಾಲೀಕರು, “ಹ್ವಾಯ್, ಕೆಲ್ಸಕ್ ಬಪ್ಪುದ್ ಯಾರ್, ನೀವಾ?” ಎಂದು ಕೇಳಿದರಂತೆ. ಮಾವ ಒಂದು ಗಳಿಗೆ ಯೋಚಿಸಿ, “ನಂಗೂ ಈಗ ಪುರ್ಸೊತ್ತೇ ಇತ್ತ್” ಎಂದರಂತೆ. ಆ ಮಾವನಿಗೇ ಅಲ್ಲಿ ಕೆಲಸ ಸಿಕ್ಕಿತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಈಗ ಬರೆಯುವಾಗ ಅದು ನಿಜವೋ, ನಮ್ಮ ಸ್ಟಾಫ್‌ರೂಮಿನಲ್ಲಿ ಬೆಳೆದ ಬಾಲವೋ ಖಚಿತವಿಲ್ಲ. ಹುಡುಗನಿಗೆ ಸಿಗಲಿಲ್ಲ ಎನ್ನುವುದು ಮಾತ್ರ ಖಚಿತ.

ಇನ್ನೊಬ್ಬ ಬಸ್ರೂರಿನವನು. ಒಂದು ಆಸ್ಪತ್ರೆಯ ಕಚೇರಿಯವರ ನಂಬರ್ ಕೊಟ್ಟು, “ಸಂಪರ್ಕ ಬಿಡಬೇಡ” ಎಂದು ಹೇಳಿ ಕಳಿಸಿದ್ದೆ. ಅವನು ಬಿಡಲಿಲ್ಲ. ದಿನಾ ಬೆಳಿಗ್ಗೆ ಆ ಅಧಿಕಾರಿಗೆ ದೇವರ ಪಟ, ಗುಲಾಬಿ ಹೂ, ಶುಭೋದಯ. ಹಬ್ಬ ಬಂದರೆ ಪಟಾಕಿಯ ವಿಡಿಯೋ. ತನಗೆ ಬೇಕಾದ್ದೇನು ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ಅವರು ಅವನ ನಂಬರನ್ನು ಬ್ಲಾಕ್ ಮಾಡಿದರು, ಅದರ ಜೊತೆ ನನ್ನದನ್ನೂ. ನಾನು ರೇಗಿದಾಗ ಅವನು ಮುಗ್ಧನಾಗಿ ಕೇಳಿದ: “ಸಂಪರ್ಕ ಅಂದ್ರೆ ಇದೇ ಅಲ್ದಾ ಮೇಡಮ್? ನಮ್ಮನಿಯಂಗೆ ಎಲ್ಲರೂ ಹಿಂಗೇ ಮಾಡುದ್.” ಅವನಲ್ಲಿ ತಪ್ಪೇನೂ ಇರಲಿಲ್ಲ. ಏನು ಬರೆಯಬೇಕೆಂದು ನಾನೇ ಹೇಳಿಕೊಟ್ಟಿರಲಿಲ್ಲ. ನಂತರದ ವರ್ಷಗಳಲ್ಲಿ ಮೊದಲ ತರಗತಿಯಲ್ಲೇ ಮೂರು ಸಾಲಿನ ಸಂದೇಶ ಬರೆಸುತ್ತಿದ್ದೆ. ನಾನು ಯಾರು, ಏನು ಕಲಿತಿದ್ದೇನೆ, ನಿಮ್ಮಲ್ಲಿ ಏನು ಕಲಿಯಬೇಕು. ಹೂವೂ ಇಲ್ಲ, ಪಟಾಕಿಯೂ ಇಲ್ಲ.

ಆಮೇಲೆ ಫೋನೇ ಪತ್ರ ಬರೆದುಕೊಡುವ ಕಾಲ ಬಂತು. ಒಂದು ಹಪ್ಪಳ ಘಟಕದ ಮಾಲಕಿಗೆ ನಮ್ಮ ಹುಡುಗರಿಂದ ಒಂದೇ ದಿನ ಒಂದು ರಾಶಿ ಪತ್ರ ಹೋಯಿತು. ಎಲ್ಲದರಲ್ಲೂ ‘ತಮ್ಮ ಜಾಗತಿಕ ಮಟ್ಟದ ಪ್ರತಿಷ್ಠಿತ ಸಂಸ್ಥೆ’. ಆಕೆ ನನಗೆ ಫೋನ್ ಮಾಡಿ, “ಮೇಡಮ್ಮಾ, ಇದ್ ನಮ್ಗೇ ಬರ್ದದ್ದಾ? ನಮ್ದ್ ಹಿಂದಿನ್ ಜಗ್ಲಿಯಂಗೆ ಮಾಡುದಲೆ” ಎಂದರು. ಮನೆಯ ಹಿಂದಿನ ಜಗಲಿ ಜಾಗತಿಕ ಸಂಸ್ಥೆ ಆಯಿತೆಂದು ಇಬ್ಬರೂ ನಕ್ಕೆವು. ಆದರೆ ಆಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

ಈಗ ರಕ್ಷಿತಾಳ ವಿಷಯ. ಇದನ್ನು ಬರೆಯಬೇಕೆಂದೇ ಮೇಲಿನದನ್ನೆಲ್ಲ ಬರೆದೆನೋ ಏನೋ.

ರಕ್ಷಿತಾ ಹೆಮ್ಮಾಡಿಯವಳು. ಅವಳ ತಾಯಿ ಲಲಿತಕ್ಕ ಸೇವಂತಿಗೆ ಬೆಳೆಯುತ್ತಾರೆ. ಅಂತಿಮ ವರ್ಷದಲ್ಲಿ ಅವಳು ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಉಳಿದವರೆಲ್ಲ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದಳು. ಮುಂಬೈಯಲ್ಲಿ ಹೋಟೆಲು ನಡೆಸುವ ಅವಳ ಸೋದರಮಾವ ಸುಧಾಕರ, ಪರೀಕ್ಷೆ ಮುಗಿದ ಕೂಡಲೇ ಬಂದು ಹೋಟೆಲಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರಬೇಕೆಂದು ಹೇಳಿದ್ದರು. ತಾಯಿಗೂ ಅದೇ ಸರಿ ಎನಿಸಿತ್ತು. ಊರಲ್ಲೇ ಒಂದು ಲ್ಯಾಬಿನ ಕೆಲಸದ ದಾರಿ ಕಂಡರೆ ಮಾತ್ರ ಇಲ್ಲಿ ಉಳಿಯಬಹುದು.

“ಬೈಂದೂರ್ ಹತ್ರ ಮೀನ್ ಹೊರ್‌ದೇಶಕ್ಕೆ ಕಳ್ಸು ಫ್ಯಾಕ್ಟರಿ ಇತ್ತಲೆ ಮೇಡಮ್, ಅಲ್ಲಿ ಲ್ಯಾಬ್ ಇತ್ತಂಬ್ರ್. ಇಂಟರ್ನ್‌ಶಿಪ್ ಮಾಡ್ದವ್ರನ್ನೇ ಆಮೇಲ್ ತೆಕಂತ್ರಂಬ್ರ್.”

“ನಿನ್ನ ಮಾವನಿಗೆ ಇಲ್ಲಿ ಎಲ್ಲರೂ ಗೊತ್ತಲ್ಲ? ಒಂದು ಮಾತು ಹೇಳಿಸಬಹುದಿತ್ತು” ಎಂದೆ, ಅವಳ ಮನಸ್ಸು ತಿಳಿಯಲು.

“ಮಾವ ಹೇಳಿ ಸಿಕ್ರೆ, ನಾಳೆ ಮಾವ ಹೇಳ್ದಲ್ಲಿಗೇ ಹೋಯ್ಕ್ ಮೇಡಮ್. ನಾನೇ ಕೇಣ್ಕ್.”

ತಾನೇ ಕೇಳಬೇಕು ಎಂಬ ಈ ಕೊನೆಯ ಮಾತು ಮಾತ್ರ ನನ್ನ ದಿನಚರಿಯಲ್ಲಿ ಇದ್ದ ಹಾಗೇ ಇದೆ.

“ಅಲ್ಲಿ ಯಾರ ಪರಿಚಯ ಇದೆ ನಿನಗೆ?” ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಎಲ್ಲ ಮಕ್ಕಳೂ ಮೊದಲು ಹೇಳುವುದು ಇದನ್ನೇ. ಪರಿಚಯ ಎಂದರೆ ದೊಡ್ಡವರ ಪರಿಚಯ ಎಂದು ಅವರ ಲೆಕ್ಕ. ಆ ಕಡೆಯ ಬಸ್ಸಿನಲ್ಲಿ ಯಾರು ಹೋಗುತ್ತಾರೆ, ಹೂವು ಯಾರು ಕೊಳ್ಳುತ್ತಾರೆ ಎಂದು ಒಂದೊಂದಾಗಿ ಕೇಳಿದೆ. ಆಗ ಜಲಜಕ್ಕನ ಹೆಸರು ಬಂತು. ಅವರು ಅದೇ ಫ್ಯಾಕ್ಟರಿಯಲ್ಲಿ ಸಿಗಡಿ ಸುಲಿಯುವ ಕೆಲಸಕ್ಕೆ ಹೋಗುವವರು, ಶುಕ್ರವಾರ ಮುಡಿಯಲು ಲಲಿತಕ್ಕನ ಹತ್ತಿರ ಹೂವು ಕೊಳ್ಳುವವರು. ರಕ್ಷಿತಾ ಮರುದಿನವೇ ಅವರ ಜೊತೆ ಬಸ್ಸಿನಲ್ಲಿ ತ್ರಾಸಿಯವರೆಗೆ ಹೋಗಿ ಬಂದಳು. ಲ್ಯಾಬಿನ ಮುಖ್ಯಸ್ಥೆ ಸಾಲಿಗ್ರಾಮದ ವೀಣಾ ಮೇಡಮ್, ಅವರ ಸಹಾಯಕಿ ಹೆರಿಗೆ ರಜೆಯಲ್ಲಿದ್ದಾಳೆ, ಈಗ ಒಬ್ಬರೇ ಒದ್ದಾಡುತ್ತಿದ್ದಾರೆ ಎಂಬ ಸುದ್ದಿ ತಂದಳು. ಅಷ್ಟು ಸಾಕಿತ್ತು. “ಹೋಗು, ಕೇಳು” ಎಂದೆ.

ಭಾನುವಾರ ಅವಳು ಒಬ್ಬ ಗೆಳತಿಯೊಡನೆ ಸಾಲಿಗ್ರಾಮಕ್ಕೆ, ವೀಣಾ ಮೇಡಮ್ ಅವರ ಮನೆಗೇ ಹೋದಳು. ಬಾಳೆಯೆಲೆಯಲ್ಲಿ ಸೇವಂತಿಗೆ ಕಟ್ಟಿಕೊಂಡು. ಸೋಮವಾರ ಮುಖ ಅರಳಿಸಿಕೊಂಡು ಬಂದಳು.

“ಆಯ್ತ್ ಮೇಡಮ್! ಎಷ್ಟ್ ಲಾಯ್ಕ್ ಮಾತಾಡ್ರ್ ಗೊತ್ತಿತ್ತಾ? ಕಾಫಿ ಕೊಟ್ರ್. ಯಾರ್ ಮನಿ, ಅಮ್ಮಂಗ್ ಹುಷಾರಿತ್ತಾ, ಈ ಸಲ ಹೂಗ್ ರೋಗ ಬಂತಾ, ಎಲ್ಲ ಕೇಂಡ್ರ್. ನನ್ ನಂಬರೂ ತೆಕಂಡ್ರ್.”

“ಇಂಟರ್ನ್‌ಶಿಪ್ ಕೇಳಿದ್ಯಾ?”

“ಅದ್ ಹ್ಯಾಂಗೆ ಕೇಂಬುದ್, ಹೋದ್ ಫಸ್ಟ್ ಸಲವೇ? ಅವ್ರಿಗ್ ಗೊತ್ತಾಯ್ತ್ ಮೇಡಮ್. ಕಾಲೇಜಂಗ್ ಓದ್ತೆ ಅಂದೆ.”

ನನಗೆ ಸಿಟ್ಟು ಬಂತು. ಜೊತೆಗೇ ನನ್ನ ಮನೆಯವರೆಲ್ಲರ ನೆನಪೂ ಬಂತು. ನಮ್ಮ ಕಡೆ ಏನಾದರೂ ಕೇಳಲೆಂದು ಹೋದವರು ಮೊದಲ ಸಲ ಕೇಳುವುದಿಲ್ಲ. ಹೋಗಿ ಕೂರುತ್ತಾರೆ, ಬೆಲ್ಲ ನೀರು ಕುಡಿಯುತ್ತಾರೆ, ಮಳೆ, ಮೀನು, ಮದುವೆ ಮಾತಾಡುತ್ತಾರೆ, ಏಳುತ್ತಾರೆ. ಬಂದದ್ದು ಯಾಕೆಂದು ಮನೆಯವರೇ ಊಹಿಸಿಕೊಳ್ಳಬೇಕು. ಅಕ್ಕನ ಮದುವೆಯ ಪ್ರಸ್ತಾಪಕ್ಕೆಂದು ಹೊರಟ ನಮ್ಮ ಅಮ್ಮ, ಆ ಮನೆಯ ಬಸಳೆ ಚಪ್ಪರವನ್ನು ಹೊಗಳಿ ಬಳ್ಳಿಯ ತುಂಡು ತಂದು ನೆಟ್ಟಿದ್ದರು. ಮದುವೆ ಮಾತು ಬಂದದ್ದು ಬಸಳೆ ಎರಡು ಸಲ ಕೊಯ್ದ ಮೇಲೆ. ನೆಂಟಸ್ತಿಕೆಗೆ ಈ ರೀತಿ ಒಳ್ಳೆಯದೇ ಇರಬಹುದು, ಇಲ್ಲ ಎಂದು ಹೇಳಿಸಿಕೊಳ್ಳುವ ನೋವು ಇಲ್ಲ. ಕೆಲಸ ಕೇಳುವುದಕ್ಕೆ ಇದು ನಡೆಯುವುದಿಲ್ಲ.

“ಅವರಿಗೆ ಗೊತ್ತಾಗಿಲ್ಲ, ರಕ್ಷಿತಾ” ಎಂದೆ. ಅವಳು ನಂಬಲಿಲ್ಲ.

ವಾರದೊಳಗೆ ವೀಣಾ ಮೇಡಮ್ ಅವಳಿಗೆ ಫೋನ್ ಮಾಡಿದರು. ಅವಳು ಹಾರಿಕೊಂಡು ಎತ್ತಿದಳು. ನಮ್ಮೂರ ಸಲಿಗೆಯಲ್ಲಿ ‘ಹೆಣ್ಣೇ’ ಎಂದು ಕರೆದು ಅವರು ಹೇಳಿದ್ದು ಇಷ್ಟು: “ಹೆಣೇ, ನಿಮ್ಮನಿ ಹೂ ಬಾರೀ ಲಾಯ್ಕಿತ್ತ್. ಸಂಕ್ರಾಂತಿಗ್ ಫ್ಯಾಕ್ಟರಿ ಪೂಜೆಗೆ ನಾಕ್ ಮಾಲೆ ತಂದ್ ಕೊಡ್ತ್ಯಾ?” ಅವಳು ಹೂ ಮಾರಲು ಬಂದಿದ್ದಳೆಂದೇ ಅವರು ತಿಳಿದಿದ್ದರು.

ರಕ್ಷಿತಾ ನನ್ನೆದುರು ಕೂತು ಅತ್ತಳು. ನಾನು ಸಮಾಧಾನ ಮಾಡಿದೆನೋ, ಬೈದೆನೋ. ಬೈದಿರಬೇಕು. “ಅತ್ತದ್ದು ಸಾಕು. ಗೇಟು ತೆರೆದಿದೆ, ಮಾಲೆ ಹಿಡಿದುಕೊಂಡು ಒಳಗೆ ಹೋಗು. ಮಾಲೆ ಕೊಟ್ಟ ಮೇಲೆ ಮೊದಲ ವಾಕ್ಯವೇ ಕೆಲಸದ ವಾಕ್ಯ ಆಗಬೇಕು” ಎಂದೆ. ಆ ವಾಕ್ಯವನ್ನು ಲ್ಯಾಬಿನಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಹೇಳಿಸಿದೆ. ಎದುರಿಗಿದ್ದ ಬ್ಯೂರೆಟ್ ಸ್ಟ್ಯಾಂಡೇ ಆಗ ಅವಳ ಪಾಲಿಗೆ ವೀಣಾ ಮೇಡಮ್.

ಅದೇ ವಾರ ಸುಧಾಕರ ಮಾವ ಊರಿಗೆ ಬಂದಿದ್ದವರು ಕಾಲೇಜಿಗೆ ಬಂದರು. ಮೃದು ಮಾತಿನ, ದೊಡ್ಡ ನಗುವಿನ ಮನುಷ್ಯ.

“ಟೀಚರ್ರೇ, ಆ ಹುಡ್ಗಿ ಯಂತಕ್ ಬಸ್ಸಂಗ್ ಸುತ್ತುದ್? ನಾನ್ ಒಂದ್ ಫೋನ್ ಹಾಕ್ರೆ ಮುಗೀತಲೆ. ಆ ಫ್ಯಾಕ್ಟರಿ ಸೇಟ್ ನಮ್ ಹೋಟ್ಲಿಗ್ ಬತ್ತಿರ್ತ್ರ್.”

“ದಯವಿಟ್ಟು ಮಾಡಬೇಡಿ” ಎಂದೆ.

“ಯಾಕೆ? ಸಿಕ್ಕುದ್ ಬ್ಯಾಡ್ದಾ?”

“ಸಿಗಬೇಕು. ಅವಳು ಕೇಳಿ ಸಿಗಬೇಕು.”

“ನಾನ್ ಮುಂಬೈಗ್ ಹೋಪ್ ಹೊತ್ತಿಗೆ ನಮ್ ದೊಡ್ಡಪ್ಪ ಹೇಳಿಯೇ ನಂಗ್ ಕೆಲ್ಸ ಸಿಕ್ಕದ್ ಟೀಚರ್ರೇ. ಅದ್ರಂಗ್ ಎಂತ ಅವ್ಮಾನ?” ಎಂದರು. ಅವಮಾನ ಇಲ್ಲ, ನಿಜ. ಆದರೆ ಅವಳು ಬೇಡ ಎಂದಿದ್ದಾಳೆ, ಅದೇ ಉತ್ತರ ಎಂದೆ. ಅವರು ಮಾತು ಕೊಟ್ಟರು. ಉಳಿಸಿಕೊಂಡರೆಂದೂ ನಂಬುತ್ತೇನೆ.

ಸಂಕ್ರಾಂತಿಯ ಹಿಂದಿನ ದಿನ ರಕ್ಷಿತಾ ಮಾಲೆ ತೆಗೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ. ಮಾಲೆ ಕೈಗೆ ಕೊಟ್ಟವಳೇ ಒಂದೇ ಉಸಿರಿಗೆ, “ಮೇಡಮ್, ನಾನ್ ಹೂ ಮಾರುಕ್ ಬಂದದ್ದಲ್ಲ. ಬಿ.ಎಸ್ಸಿ. ಕೆಮಿಸ್ಟ್ರಿ ಓದ್ತಿದ್ದೆ. ನಿಮ್ ಲ್ಯಾಬಂಗೆ ಇಂಟರ್ನ್‌ಶಿಪ್ ಮಾಡ್ಕ್. ಅವತ್ತೇ ಕೇಂಬುಕ್ ಬಂದದ್ದ್, ನಾಚ್ಕಿ ಆಯ್ತ್” ಎಂದಳಂತೆ. ಕೊನೆಯ ಎರಡು ಮಾತು ನಾನು ಹೇಳಿಸಿದ್ದಲ್ಲ. ವೀಣಾ ಮೇಡಮ್ ಮಾಲೆ ಹಿಡಿದುಕೊಂಡೇ ನಕ್ಕು, “ಅಯ್ಯೋ ಹೆಣೇ, ಮತ್ತ್ ಅಷ್ಟೊತ್ತ್ ಕೂಕಂಡ್ ಹೂವಿನ್ ರೋಗ ಹೇಳ್ದೆ! ಎಂತೆಲ್ಲ ಬತ್ತ್ ನಿಂಗೆ?” ಎಂದರು. ಟೈಟ್ರೇಶನ್ ಚೆನ್ನಾಗಿ ಬರುತ್ತದೆ, ದೊಡ್ಡ ಯಂತ್ರಗಳನ್ನು ಪಟದಲ್ಲಿ ಮಾತ್ರ ನೋಡಿದ್ದೇನೆ ಎಂದಳು. ಅವರು ಮ್ಯಾನೇಜರನ್ನು ಕೇಳಿ ಹೇಳುತ್ತೇನೆಂದರು.

ಆಮೇಲೆ ಸುದ್ದಿಯಿಲ್ಲ. ಪರೀಕ್ಷೆ ಹತ್ತಿರ ಬಂತು. ಲಲಿತಕ್ಕ ಮುಂಬೈಗೆ ರೈಲು ಟಿಕೆಟ್ ಮಾಡಿಸುವ ಮಾತಾಡಿದರು. ರಕ್ಷಿತಾ ವೀಣಾ ಮೇಡಮ್‌ಗೆ ಒಂದು ಸಂದೇಶ ಬರೆದಳು, ಮೂರೇ ಸಾಲು. ಬಂಗುಡೆ ಮೀನು ಸರಿಯಾಗಿ ತಂಪಿನಲ್ಲಿ ಇರದಿದ್ದರೆ ಹಿಸ್ಟಮೀನ್ ಎಂಬ ವಿಷಾಂಶ ಏರುವುದರ ಬಗ್ಗೆ ಓದಿದೆ, ನಿಮ್ಮಲ್ಲಿ ಆ ಪರೀಕ್ಷೆ ಮಾಡುವುದನ್ನು ನೋಡಬೇಕು, ಪಾತ್ರೆ ತೊಳೆಯುವುದರಿಂದ ಶುರು ಮಾಡಿದರೂ ಆಗುತ್ತದೆ ಎಂದು. ಉತ್ತರ ಬರಲಿಲ್ಲ. ಮುಂದಿನ ವಾರ ತಾನೇ ಇನ್ನೊಮ್ಮೆ ಹೋಗಿ ಗೇಟಿನಲ್ಲಿ ನಿಂತು ಬಂದಳು. ಹೋಗು ಎಂದು ಅವಳಿಗೆ ಹೇಳಿದವರು ಯಾರೂ ಇಲ್ಲ. ಅವತ್ತು ವೀಣಾ ಮೇಡಮ್ ರಜೆಯಲ್ಲಿದ್ದರು.

ಆ ದಿನಗಳಲ್ಲೇ ಒಂದು ಭಾನುವಾರ ನಾನು ತ್ರಾಸಿಯಲ್ಲಿರುವ ತಮ್ಮ ರಾಘುವಿನ ಮನೆಗೆ ಊಟಕ್ಕೆ ಹೋಗಿದ್ದೆ. ಅವನದು ಐಸ್ ಪ್ಲಾಂಟು. ಬೋಟುಗಳಿಗೂ ಮೀನಿನ ಫ್ಯಾಕ್ಟರಿಗಳಿಗೂ ಮಂಜುಗಡ್ಡೆ ಹೋಗುವುದು ಅಲ್ಲಿಂದ. ಊಟದ ಮಧ್ಯೆ ಹೂ ಮಾಲೆಯ ಕಥೆ ಹೇಳಿದೆ. ಎಲ್ಲರೂ ನಕ್ಕರು. “ಹೆಸ್ರ್ ಎಂತ ಆ ಹುಡ್ಗಿದ್?” ಎಂದು ರಾಘು ಕೇಳಿದನೇ, ಅಥವಾ ನಾನೇ ಹೆಸರು ಹೇಳಿದೆನೇ? ನಕ್ಕು ಮುಗಿಸಲೆಂದೇ ಹೇಳಿದೆನೇ, ಅವನ ಕಿವಿಗೆ ಬೀಳಲಿ ಎಂದು ಹೇಳಿದೆನೇ? ದಿನಚರಿಯಲ್ಲಿ ಅವತ್ತಿನ ಮೀನು ಸಾರಿನ ಬಗ್ಗೆ ಇದೆ, ಬೇರೇನೂ ಇಲ್ಲ.

ಕೆಲವು ದಿನಗಳಲ್ಲಿ ರಕ್ಷಿತಾಳಿಗೆ ಫ್ಯಾಕ್ಟರಿಯಿಂದ ಕರೆ ಬಂತು. ಸೋಮವಾರದಿಂದ ಬರಬಹುದು. ಅವಳು ಓಡಿಬಂದು ಹೇಳಿದಾಗ ಕ್ಲಾಸಿನ ಮಧ್ಯದಲ್ಲಿದ್ದೆ. ದಿನಚರಿಯಲ್ಲಿ ಬರೆದದ್ದು ‘ಕೆಲಸ ಆಯಿತು’.

ಅವಳು ಪಾತ್ರೆ ತೊಳೆದಳು, ಹಿಸ್ಟಮೀನ್ ಪರೀಕ್ಷೆ ಕಲಿತಳು. ಒಮ್ಮೆ ಮೀನಿನ ಮಾದರಿಗಳ ಚೀಟಿ ಅದಲುಬದಲು ಮಾಡಿ ವೀಣಾ ಮೇಡಮ್ ಅವರಿಂದ ಚೆನ್ನಾಗಿ ಬೈಸಿಕೊಂಡಳು. ತರಬೇತಿ ಮುಗಿದ ಮೇಲೆ ಅವರು ಅವಳನ್ನು ಬಿಡಲಿಲ್ಲ. ಈಗಲೂ ಅಲ್ಲೇ ಇದ್ದಾಳೆ. ಸುಧಾಕರ ಮಾವ ಊರಿಗೆ ಬಂದಾಗಲೆಲ್ಲ “ಮೀನ್ ಡಾಕ್ಟ್ರೇ” ಎಂದು ಕರೆಯುತ್ತಾರಂತೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯ ಉದಾಹರಣೆ ಆಗುತ್ತಿತ್ತು. ನಾನು ನಿವೃತ್ತಳಾಗುವವರೆಗೆ ತರಗತಿಗಳಲ್ಲಿ ಹಾಗೆ ಹೇಳಿಯೂ ಇದ್ದೇನೆ.

ಮೊನ್ನೆ ಅವಳು ಸ್ಕೂಟರಿನಲ್ಲಿ ಮನೆಗೆ ಬಂದಳು. ಕಾಲೇಜಿನವರು ಅಂತಿಮ ವರ್ಷದ ಮಕ್ಕಳ ಎದುರು ಮಾತಾಡಲು ಕರೆದಿದ್ದಾರೆ. ವಿಷಯ, ‘ನೀವೇ ಕೇಳಿ’. ಕುಡಿಯಲು ಕೊಟ್ಟದ್ದನ್ನು ಮುಟ್ಟದೆ ನೇರ ಮಾತಿಗೆ ಬಂದಳು.

“ಮೇಡಮ್, ಒಂದ್ ಕೇಂತೆ. ನನ್ ಬಗ್ಗೆ ಯಾರಾದ್ರೂ ಹೇಳಿದ್ರಾ? ಮೊನ್ನೆ ಮ್ಯಾನೇಜರ್ ಹೊಸ ಅಕೌಂಟೆಂಟ್ ಹತ್ರ ನನ್ ತೋರ್ಸಿ, ‘ಐಸಿನವ್ರ ಕಡೆ ಹುಡ್ಗಿ’ ಅಂದ್ರ್. ಐಸ್ ಪ್ಲಾಂಟ್ ನಿಮ್ ತಮ್ಮಂದೇ ಅಲ್ದಾ?”

ಸುಳ್ಳು ಹೇಳುವುದು ಸುಲಭವಿತ್ತು. “ರಾಘುವಿಗೆ ನಿನ್ನ ಕಥೆ ಹೇಳಿದ್ದೆ. ಅವನು ಮ್ಯಾನೇಜರಿಗೆ ಏನಾದರೂ ಹೇಳಿದನೋ ಗೊತ್ತಿಲ್ಲ. ಕೇಳುತ್ತೇನೆ” ಎಂದೆ.

ನನ್ನ ಮೇಲೆ ಅವಳಿಗೆ ಸಿಟ್ಟು ಬಂದಿರಬೇಕು. ಬಂದರೆ ಸರಿಯೇ.

“ಹಾಂಗಾರೆ ಮಕ್ಳ ಎದ್ರ್ ಇದ್ನೂ ಹೇಳ್ತೆ ಮೇಡಮ್” ಎಂದಳು. “ಫಸ್ಟ್ ಸಲ ಕೇಣ್ದೇ ಬಂದದ್ದ್, ಎರಡ್ನೇ ಸಲ ಕೇಂಡದ್ದ್, ಗೇಟಂಗ್ ನಿಂತದ್ದ್. ಹಿಂದಿಂದ ಯಾರಾದ್ರೂ ಹೇಳಿರ್ಲಿಕ್ಕೂ ಸಾಕ್, ನಂಗ್ ಗೊತ್ತಿಲ್ಲೆ ಅಂದೇಳಿ. ಆದ್ರ್ ನಾನ್ ಕೇಣ್ದಿದ್ರೆ ನಾನ್ ಹೂ ಮಾರು ಹುಡ್ಗಿಯೇ ಆಯ್ಕಂಡ್ ಇರ್ತಿದ್ದೆ. ಅದಂತೂ ಗೊತ್ತಿತ್ತಲೆ.”

ಆಮೇಲೆ ತಣ್ಣಗಾದ ಕಾಫಿ ಕುಡಿದು ಹೋದಳು.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಅವಳ ಮಾತಿಗಿಂತ ಹೆಚ್ಚಿನದನ್ನು ನಾನು ಹೇಳಲಾರೆ. ಮಕ್ಕಳನ್ನು ಕಳಿಸಿ. ಕೇಳದೆ ಬಂದರೆ ಮತ್ತೆ ಕಳಿಸಿ. ಈ ಊರಿನಲ್ಲಿ ಯಾರದೋ ಮಾತು ಯಾರ ಕಿವಿಗೋ ಹೋಗುವುದನ್ನು ತಡೆಯಲು ನಿಮ್ಮಿಂದ ಆಗುವುದಿಲ್ಲ. ಅದಕ್ಕೆ ಹೆದರಿ ಕಳಿಸುವುದನ್ನು ಬಿಡಬೇಡಿ.

ರಕ್ಷಿತಾ ಬಂದುಹೋದ ಮರುದಿನ ತ್ರಾಸಿಗೆ ಹೋದೆ. ರಾಘು ಪ್ಲಾಂಟಿನಲ್ಲಿದ್ದ. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಮ್ಯಾನೇಜರಿಗೆ ಅವಳ ಬಗ್ಗೆ ಹೇಳಿದ್ದೆಯಾ ಎಂದು ಅವನ ಕಿವಿಯ ಹತ್ತಿರ ಹೋಗಿ ಕೇಳಬೇಕಾಯಿತು. “ಅಕ್ಕಯ್ಯ, ಬಿಸಿಲಂಗ್ ಬಂದಿದ್ದಿ, ಒಳ್ಗ್ ಹೋಗಿ ಕೂಕೋ” ಎಂದ. ಊಟಕ್ಕೆ ಕೂತಾಗ ಮತ್ತೆ ಕೇಳಿದೆ. ಕಾಣೆ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದ. ಹೊರಡುವಾಗ ಬಸ್ಸಿನವರೆಗೆ ಬಂದ. ಬಸ್ಸು ದೂರದಲ್ಲಿ ಕಾಣಿಸುತ್ತಿತ್ತು. ಅವನ ಕೈ ಹಿಡಿದು ನಿಲ್ಲಿಸಿಕೊಂಡು, ಬೇರೆಲ್ಲ ಬಿಟ್ಟು ಒಂದನ್ನೇ ಕೇಳಿದೆ:

“ರಾಘು, ನೀನ್ ಆ ಮ್ಯಾನೇಜರಿಗ್ ಹೇಳದ್ದೇ ಹೌದಾದ್ರೆ, ಆ ಹುಡ್ಗಿನ್ನ ತೆಕಂಬುದಂದ್ ನೀನ್ ಹೇಳುಕ್ ಮುಂಚೆಯೇ ಅವ್ರ್ ತೀರ್ಮಾನ ಮಾಡಿ ಆಯಿತ್ತಾ, ಇಲ್ಯಾ?”